ಎಪಿಟಲಾನ್ ಎಂಬ ನಾಲ್ಕು ಮಣಿಯ ಸರ: ಪೀನಿಯಲ್ ಗ್ರಂಥಿಗೆ ಅದು ಏನು ಮಾಡುತ್ತದೆ?

ಮಾಲತಿ ತೀರದವನು, ತೀರ್ಥಹಳ್ಳಿ:

ಇಲ್ಲಿ ಬಲ್ಲವರು ಇದ್ದೀರಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ನನಗೆ 68 ವರ್ಷ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾಗಿ, ಈಗ ಹಿರಿಯರ ಕಾಲದ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮೂರು ವರ್ಷಗಳಿಂದ ನಿದ್ರೆ ಸರಿಯಿಲ್ಲ. ಹತ್ತು ಗಂಟೆಗೆ ಮಲಗಿದರೆ ಒಂದೂವರೆಗೆ ಎಚ್ಚರವಾಗುತ್ತದೆ. ಅಲ್ಲಿಂದ ಕೋಳಿ ಕೂಗುವ ತನಕ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತ ಹೊರಳಾಡುವುದೇ ಆಗಿದೆ.

ಬೆಂಗಳೂರಿನಲ್ಲಿರುವ ತಂಗಿಯ ಮಗ ಹೋದ ವಾರ ಬಂದವನು ಐದು ಪುಟ್ಟ ಶೀಸೆಗಳನ್ನು ಕೊಟ್ಟುಹೋಗಿದ್ದಾನೆ. ಪ್ರತಿಯೊಂದರಲ್ಲಿ 10 ಮಿಲಿಗ್ರಾಂ ಬಿಳಿಯ ಪುಡಿಯಿದೆ, ಮೇಲೆ ಎಪಿಟಲಾನ್ ಎಂದು ಬರೆದಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಸಂಶೋಧನೆಯ ಬಳಕೆಗೆ ಮಾತ್ರ ಎಂದಿದೆ. "ಮಾವ, ವಯಸ್ಸಾದ ಹಾಗೆ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ಮಂಕಾಗುತ್ತದೆ, ಇದು ಅದನ್ನು ಮತ್ತೆ ಎಬ್ಬಿಸುತ್ತದೆ, ಹತ್ತು ದಿನ ಚುಚ್ಚಿಕೊಂಡರೆ ಸಾಕು" ಎಂಬುದು ಅವನ ಮಾತು. ಅವನು ಓದಿದ ಹುಡುಗ, ಸುಳ್ಳು ಹೇಳುವವನಲ್ಲ. ಆದರೆ ಅವನಿಗೆ ಹೇಳಿದವರು ಯಾರು, ಅವರಿಗೆ ಗೊತ್ತಾದದ್ದು ಹೇಗೆ ಎಂದು ಕೇಳುವುದು ನನ್ನ ವೃತ್ತಿಯಿಂದ ಬಂದ ಚಾಳಿ. ಈ ವಸ್ತು ಏನು? ಮನುಷ್ಯರ ಮೇಲೆ ಇದರ ಪರೀಕ್ಷೆ ನಡೆದಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಜೀವರಸಾಯನದವನು, ಭದ್ರಾವತಿ:

ಸರ್, ನಿಮ್ಮ ಚಾಳಿ ಒಳ್ಳೆಯದೇ. ಈ ವಸ್ತುವಿನ ವಿಷಯದಲ್ಲಿ ಮೂಲವನ್ನು ಹುಡುಕಿಕೊಂಡು ಹೋಗದಿದ್ದರೆ ದಾರಿ ತಪ್ಪುವುದು ಬಹಳ ಸುಲಭ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಮೈನೋ ಆಮ್ಲಗಳನ್ನು ಮಣಿಗಳೆಂದುಕೊಂಡರೆ ಪ್ರೋಟೀನ್ ಎಂಬುದು ನೂರಾರು ಮಣಿಗಳ ಸರ; ಕೆಲವೇ ಮಣಿಗಳ ತುಂಡು ಸರಕ್ಕೆ ಪೆಪ್ಟೈಡ್ ಎಂದು ಹೆಸರು. ಎಪಿಟಲಾನ್‌ನಲ್ಲಿ ಇರುವುದು ನಾಲ್ಕೇ ಮಣಿ: ಅಲನಿನ್, ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಗ್ಲೈಸಿನ್. ಅದರ ಅಣುತೂಕ ಸುಮಾರು 390. ಮೆರಿಫೀಲ್ಡ್ ಎಂಬ ಅಮೆರಿಕದ ವಿಜ್ಞಾನಿ 1963ರಲ್ಲಿ ರಾಳದ ಕಣಕ್ಕೆ ಒಂದು ತುದಿಯನ್ನು ಅಂಟಿಸಿ ಮಣಿಗಳನ್ನು ಒಂದೊಂದಾಗಿ ಪೋಣಿಸುವ ವಿಧಾನವನ್ನು ಪ್ರಕಟಿಸಿದರು, ಅದಕ್ಕೆ 1984ರಲ್ಲಿ ಅವರಿಗೆ ನೊಬೆಲ್ ಬಂತು. ಆ ವಿಧಾನದಲ್ಲಿ ನಾಲ್ಕು ಮಣಿ ಪೋಣಿಸುವುದು ಇಂದು ದೊಡ್ಡ ಕೆಲಸವೇನಲ್ಲ; ಈ ಶೀಸೆಗಳು ಇಷ್ಟು ಸುಲಭವಾಗಿ ಸಿಗುವುದಕ್ಕೆ ಅದೂ ಒಂದು ಕಾರಣ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಪೀನಿಯಲ್ ಗ್ರಂಥಿ ರಾತ್ರಿ ಹೊತ್ತು ಸ್ರವಿಸುವ, ದೇಹಕ್ಕೆ ನಿದ್ರೆಯ ಹೊತ್ತನ್ನು ತಿಳಿಸುವ ಹಾರ್ಮೋನಾದ ಮೆಲಟೋನಿನ್ ಪೆಪ್ಟೈಡ್ ಅಲ್ಲವೇ ಅಲ್ಲ. ಅದು ಟ್ರಿಪ್ಟೋಫಾನ್ ಎಂಬ ಒಂದೇ ಅಮೈನೋ ಆಮ್ಲದಿಂದ, ಸೆರೊಟೋನಿನ್ ಮೂಲಕ ತಯಾರಾಗುವ ಸಣ್ಣ ಅಣು. ಅದನ್ನು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಏರನ್ ಲರ್ನರ್ ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ನಿದ್ರೆಯ ಮದ್ದನ್ನಲ್ಲ, ಕಪ್ಪೆಯ ಚರ್ಮವನ್ನು ಬಿಳುಪಾಗಿಸುವ ವಸ್ತುವನ್ನು. ಎಪಿಟಲಾನ್ ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಓದುವವರಿಗೆ ಇದೇ ಗ್ರಂಥಿಯ ಹಾರ್ಮೋನು ಎಂಬ ಭಾವನೆ ಬರುತ್ತದೆ.

ಎಪಿಟಲಾನ್‌ನ ಮೂಲ ರಷ್ಯಾ. ಲೆನಿನ್‌ಗ್ರಾಡಿನ ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿದ್ದ ವ್ಲಾದಿಮಿರ್ ಖಾವಿನ್ಸನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ದನದ ಪೀನಿಯಲ್ ಗ್ರಂಥಿಯಿಂದ ಎಪಿಥಲಮಿನ್ ಎಂಬ ಸಾರವನ್ನು ತೆಗೆದರು. ಅನಂತರ ಆ ಸಾರದ ಅಮೈನೋ ಆಮ್ಲಗಳ ಲೆಕ್ಕವನ್ನು ಆಧರಿಸಿ ಕೃತಕವಾಗಿ ಕಟ್ಟಿದ್ದು ಈ ನಾಲ್ಕು ಮಣಿಯ ಸರ. ಸಾರ ಬೇರೆ, ಸರ ಬೇರೆ ಎಂಬುದನ್ನು ನೆನಪಿಡಿ.

ಇನ್ನು ಪರೀಕ್ಷೆಗಳು. 2003ರಲ್ಲಿ ಅವರ ತಂಡ ಮನುಷ್ಯ ಭ್ರೂಣದ ಫೈಬ್ರೋಬ್ಲಾಸ್ಟ್ ಜೀವಕೋಶಗಳಿಗೆ ಎಪಿಟಲಾನ್ ಹಾಕಿ ನೋಡಿದಾಗ ಟೆಲೊಮೆರೇಸ್ ಕಿಣ್ವ ಚುರುಕಾಗಿ, ಜೀವಕೋಶ ಒಡೆದಾಗಲೆಲ್ಲ ಮೊಟಕಾಗುತ್ತ ಹೋಗುವ ಕ್ರೋಮೋಸೋಮಿನ ತುದಿಗಳಾದ ಟೆಲೊಮಿಯರ್‌ಗಳು ಉದ್ದವಾದವು ಎಂದು ವರದಿ ಮಾಡಿತು. ಅದೇ ವರ್ಷ ಅನಿಸಿಮೋವ್ ಮುಂತಾದವರು ಹೆಣ್ಣು ಇಲಿಗಳಿಗೆ ಮೂರು ತಿಂಗಳ ವಯಸ್ಸಿನಿಂದ ಪ್ರತಿ ತಿಂಗಳು ಐದು ದಿನ ಇದನ್ನು ಚುಚ್ಚಿದ ಪ್ರಯೋಗ ಪ್ರಕಟವಾಯಿತು. ಆ ಪ್ರಯೋಗದಲ್ಲಿ ಇಲಿಗಳ ಸರಾಸರಿ ಆಯುಸ್ಸು ಹೆಚ್ಚಲಿಲ್ಲ. ಕೊನೆಗೆ ಉಳಿದ ಶೇ. 10ರಷ್ಟು ಇಲಿಗಳ ಆಯುಸ್ಸು ಮಾತ್ರ ಶೇ. 13.3ರಷ್ಟು ಹೆಚ್ಚಾಯಿತು, ರಕ್ತದ ಕ್ಯಾನ್ಸರ್ ಕಡಿಮೆ ಕಂಡಿತು. ಜಾಹೀರಾತುಗಳಲ್ಲಿ ನಿಮಗೆ ಕಾಣುವುದು ಈ ಎರಡನೆಯ ವಾಕ್ಯ ಮಾತ್ರ. ನಿದ್ರೆಯ ಮಾತಿಗೆ ಹತ್ತಿರದ್ದು 2001ರ ಮಂಗಗಳ ಅಧ್ಯಯನ: ಮುದಿ ರೀಸಸ್ ಕೋತಿಗಳಲ್ಲಿ ಕುಗ್ಗಿದ್ದ ರಾತ್ರಿಯ ಮೆಲಟೋನಿನ್ ಎಪಿಟಲಾನ್ ಕೊಟ್ಟ ಮೇಲೆ ಏರಿತು ಎಂದು ಅದರಲ್ಲಿದೆ.

ಮನುಷ್ಯರ ವಿಷಯದಲ್ಲಿ ಎಲ್ಲರೂ ಎತ್ತಿ ತೋರಿಸುವುದು 266 ವೃದ್ಧರನ್ನು ಆರರಿಂದ ಎಂಟು ವರ್ಷ ಗಮನಿಸಿದ, 2003ರಲ್ಲಿ ಪ್ರಕಟವಾದ ವರದಿಯನ್ನು. ಎಪಿಥಲಮಿನ್ ಪಡೆದವರಲ್ಲಿ ಸಾವಿನ ಪ್ರಮಾಣ 1.6ರಿಂದ 1.8 ಪಟ್ಟು ಇಳಿಯಿತು ಎಂಬುದು ಅದರ ಹೇಳಿಕೆ. ಆದರೆ ಅಲ್ಲಿ ಕೊಟ್ಟದ್ದು ದನದ ಗ್ರಂಥಿಯ ಸಾರ. ನಿಮ್ಮ ಶೀಸೆಯಲ್ಲಿರುವ ಸರವಲ್ಲ. ಒಂದರ ಲೆಕ್ಕವನ್ನು ಇನ್ನೊಂದರ ಖಾತೆಗೆ ಬರೆಯುವುದು ಯಾವ ಮಂಡಿಯಲ್ಲೂ ನಡೆಯುವುದಿಲ್ಲ.

ಸಾಗರದ ತೋಟಿಗ:

ಜೀವರಸಾಯನದವರೇ, ನಿಮ್ಮ ಬರಹದಲ್ಲಿ ಒಂದು ಹಟ ಕಾಣುತ್ತದೆ ಎಂದರೆ ಬೇಸರಿಸಬೇಡಿ. ರಷ್ಯಾದವರು ಮಾಡಿದ್ದನ್ನು ಅಮೆರಿಕದವರು ಒಪ್ಪಿದರೆ ಮಾತ್ರ ವಿಜ್ಞಾನವೇ? ಸೆಮ್ಯಾಕ್ಸ್ ಎಂಬ ಏಳು ಮಣಿಯ ಪೆಪ್ಟೈಡನ್ನು ಅಲ್ಲಿನ ವೈದ್ಯರು ಪಾರ್ಶ್ವವಾಯು ರೋಗಿಗಳಿಗೆ ಮೂಗಿನ ಹನಿಯಾಗಿ ಎಷ್ಟೋ ವರ್ಷಗಳಿಂದ ಕೊಡುತ್ತಿದ್ದಾರೆ. ನಾಲ್ಕು ಕಾಸಿಗೆ ತಯಾರಾಗುವ ವಸ್ತುವಿನಲ್ಲಿ ದೊಡ್ಡ ಕಂಪನಿಗಳಿಗೆ ಲಾಭವಿಲ್ಲ, ಅದಕ್ಕೇ ಯಾರೂ ಪರೀಕ್ಷೆಗೆ ಹಣ ಹಾಕುವುದಿಲ್ಲ ಎಂಬುದು ನನ್ನ ಅನುಮಾನ.

ಇನ್ನೊಂದು ಮಾತು. ಹುಬ್ಬುಗಳ ನಡುವಿನ ಆಜ್ಞಾಚಕ್ರ, ಮೂರನೆಯ ಕಣ್ಣು ಎಂದು ನಮ್ಮ ಹಿರಿಯರು ಹೇಳಿದ್ದು ಈ ಗ್ರಂಥಿಯನ್ನೇ ಎಂದು ಒಂದು ಶಿಬಿರದಲ್ಲಿ ಕೇಳಿದ್ದೆ. ಇದರಲ್ಲಿ ಹುರುಳಿದೆಯೇ?

ಜೀವರಸಾಯನದವನು, ಭದ್ರಾವತಿ:

ಬೇಸರವಿಲ್ಲ, ಪ್ರಶ್ನೆ ಸರಿಯಾಗಿದೆ. ಮೊದಲು ಮೂರನೆಯ ಕಣ್ಣು. ನಿಮ್ಮ ತೋಟದ ಬೇಲಿಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತನಿಗೆ ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಪುಟ್ಟ ಕಣ್ಣು ನಿಜಕ್ಕೂ ಇದೆ, ಅದು ಪೀನಿಯಲ್‌ನ ಹತ್ತಿರದ ನೆಂಟ. ಸಸ್ತನಿಗಳ ಪೀನಿಯಲ್ ಮಾತ್ರ ಬೆಳಕನ್ನು ನೇರವಾಗಿ ನೋಡುವ ಶಕ್ತಿಯನ್ನು ಕಳೆದುಕೊಂಡು ಮಿದುಳಿನ ಒಳಗೆ ಅಡಗಿದೆ. ಯೋಗಶಾಸ್ತ್ರದ ಚಕ್ರಗಳು ಸಾಧಕನ ಅನುಭವದ ಭಾಷೆ. ಅದಕ್ಕೆ ಅಂಗರಚನಾಶಾಸ್ತ್ರದ ಹೆಸರು ಅಂಟಿಸಿದರೆ ಎರಡಕ್ಕೂ ನ್ಯಾಯವಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇನ್ನು ದೇಶದ ಪ್ರಶ್ನೆ. ಚಿಕ್ಕ ಪೆಪ್ಟೈಡ್ ಮಿದುಳಿನ ಮೇಲೆ ಕೆಲಸ ಮಾಡಲಾರದು ಎಂದು ನಾನು ಹೇಳಲಿಲ್ಲ. ಮಿದುಳಿನ ಹೈಪೊಥಲಮಸ್ ಸ್ರವಿಸುವ, ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಚಾಲನೆ ಕೊಡುವ ಟಿಆರ್‌ಎಚ್ ಎಂಬ ಹಾರ್ಮೋನಿನಲ್ಲಿ ಮೂರೇ ಮಣಿ ಇವೆ. ಅದರ ರಚನೆಯನ್ನು 1969ರಲ್ಲಿ ಕಂಡುಕೊಂಡ ಗಿಯ್ಮಾ ಮತ್ತು ಶ್ಯಾಲಿ ಇಬ್ಬರಿಗೂ 1977ರಲ್ಲಿ ನೊಬೆಲ್ ಬಂತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪತ್ತೆಯಾದ, ಮಿದುಳೇ ತಯಾರಿಸುವ ನೋವು ನಿವಾರಕಗಳಾದ ಎನ್‌ಕೆಫಲಿನ್‌ಗಳಲ್ಲಿ ಐದು ಮಣಿ. ಇವುಗಳಿಗೆ ಜೀವಕೋಶದ ಮೇಲೆ ತಮ್ಮದೇ ಗ್ರಾಹಕಗಳಿವೆ, ಬೀಗಕ್ಕೆ ಕೀಲಿ ಕೂರುವ ಜಾಗವನ್ನು ತೋರಿಸಲು ಆಗುತ್ತದೆ. ಎಪಿಟಲಾನ್‌ಗೆ ಅಂಥ ಬೀಗವನ್ನು ತೋರಿಸುವ ಬದಲು, ಅದು ಜೀವಕೋಶದ ಕೇಂದ್ರಕ್ಕೆ ಹೋಗಿ ನೇರವಾಗಿ ಡಿಎನ್‌ಎಗೆ ಅಂಟುತ್ತದೆ ಎಂದು ಖಾವಿನ್ಸನ್ ಅವರ ತಂಡ ವಾದಿಸಿತು. ನನಗೆ ತೊಡಕಾಗಿ ಕಾಣುವುದು ಇಲ್ಲಿಯೇ. ನಾಲ್ಕು ಮಣಿಗಳಲ್ಲಿ ನಡುವಿನ ಎರಡೂ ಆಮ್ಲೀಯ. ರಕ್ತದ ಸಹಜ ಸ್ಥಿತಿಯಲ್ಲಿ ಇಡೀ ಅಣುವಿನ ಮೇಲೆ ಋಣ ವಿದ್ಯುದಂಶ ಉಳಿಯುತ್ತದೆ. ಡಿಎನ್‌ಎಯ ಬೆನ್ನೆಲುಬೂ ಋಣವೇ. ಎರಡು ಋಣಗಳು ಒಂದನ್ನೊಂದು ದೂರ ತಳ್ಳಬೇಕು. ಡಿಎನ್‌ಎಯ ಸಂದಿಗಳಲ್ಲಿ ಹೈಡ್ರೋಜನ್ ಬಂಧಗಳ ಮೂಲಕ ಅದು ಕೂರುತ್ತದೆ ಎಂಬ ಅವರ ಉತ್ತರವನ್ನು ಅಸಾಧ್ಯ ಎನ್ನಲಾರೆ. ಆದರೆ ಇಷ್ಟು ದೊಡ್ಡ ಮಾತಿಗೆ ಅಷ್ಟೇ ಗಟ್ಟಿಯಾದ ಪುರಾವೆ ಬೇಕು.

ದೇಶಕ್ಕಿಂತ ಮುಖ್ಯವಾದದ್ದು, ಇದರ ಬಗೆಗಿನ ಸಂಶೋಧನಾ ವರದಿಗಳ ಬಹುಪಾಲು ಒಂದೇ ಬಳಗದಿಂದ ಬಂದಿದೆ ಎಂಬುದು. ಅಡಿಕೆಯ ದರವನ್ನು ಒಬ್ಬನೇ ವ್ಯಾಪಾರಿಯ ಬಾಯಿಂದ ಕೇಳಿ ನೀವು ಮಾಲು ಕೊಡುತ್ತೀರಾ? ಹೊರಗಿನವರು ಮಾಡಿ ನೋಡಿದ್ದೂ ಇದೆ: 2025ರಲ್ಲಿ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದವರು ಮನುಷ್ಯ ಜೀವಕೋಶಗಳ ಮೇಲೆ ಪ್ರಯೋಗಿಸಿ ಟೆಲೊಮಿಯರ್ ಉದ್ದವಾಗುವುದನ್ನು ಕಂಡರು. ಖಾವಿನ್ಸನ್ ಅವರಿಗೆ ಇದು ಬೆಂಬಲವೇ. ಆದರೆ ಸ್ತನ ಕ್ಯಾನ್ಸರಿನ ಜೀವಕೋಶಗಳಲ್ಲಿಯೂ ಬೇರೊಂದು ದಾರಿಯಿಂದ ಟೆಲೊಮಿಯರ್ ಉದ್ದವಾಯಿತು. ಶೇ. 85ಕ್ಕೂ ಹೆಚ್ಚು ಕ್ಯಾನ್ಸರ್‌ಗಳು ಸಾಯದೆ ಬೆಳೆಯುವುದು ಟೆಲೊಮೆರೇಸ್ ಕಿಣ್ವದ ಬಲದಿಂದ ಎಂಬುದನ್ನು ಪಕ್ಕದಲ್ಲಿಟ್ಟು ಓದಿದರೆ, 68ರ ವಯಸ್ಸಿನಲ್ಲಿ ಈ ಸುದ್ದಿಯನ್ನು ಖುಷಿಯ ಸುದ್ದಿ ಎಂದು ಮಾತ್ರ ತೆಗೆದುಕೊಳ್ಳಲು ನನಗೆ ಧೈರ್ಯವಾಗುವುದಿಲ್ಲ.

ಕಂಪನಿಗಳಿಗೆ ಲಾಭವಿಲ್ಲ ಎಂಬ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ಮೂರು ಮಣಿಯ ಪೆಪ್ಟೈಡ್ ಒಂದನ್ನು ಸ್ವಲ್ಪ ಬದಲಿಸಿ ಮಾಡಿದ ಟ್ರೊಫಿನೆಟೈಡ್ ಎಂಬ ಔಷಧಿಯನ್ನು ರೆಟ್ ಸಿಂಡ್ರೋಮ್ ಎಂಬ ಮಿದುಳಿನ ಕಾಯಿಲೆಗೆ 187 ಹುಡುಗಿಯರ ಮೇಲೆ 12 ವಾರ, ಅರ್ಧದಷ್ಟು ಜನರಿಗೆ ಔಷಧಿಯಿಲ್ಲದ ದ್ರವ ಕೊಟ್ಟು ಪರೀಕ್ಷಿಸಿದರು. ಲಾಭ ಕಂಡಿತು, ಜೊತೆಗೆ ಔಷಧಿ ಪಡೆದವರಲ್ಲಿ ಸುಮಾರು ಶೇ. 80 ಜನರಿಗೆ ಭೇದಿಯಾಗುವುದೂ ಕಂಡಿತು. ಎರಡನ್ನೂ ನೋಡಿದ ಮೇಲೆಯೇ 2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಚಿಕ್ಕ ಪೆಪ್ಟೈಡುಗಳನ್ನು ಯಾರೂ ಪರೀಕ್ಷಿಸುವುದಿಲ್ಲ ಎಂಬುದು ಹಾಗಾಗಿ ನಿಲ್ಲುವುದಿಲ್ಲ.

ಔಷಧಿ ಅಂಗಡಿಯವನು, ಶಿವಮೊಗ್ಗ:

ವಿಜ್ಞಾನವನ್ನು ಭದ್ರಾವತಿಯವರು ಹೇಳಿದ್ದಾರೆ. ನಾನು ಶೀಸೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಒಳಗೆ ಎಪಿಟಲಾನ್ ಇದೆ ಎಂದು ನಾವೆಲ್ಲರೂ ಆಗಲೇ ಒಪ್ಪಿಕೊಂಡಂತೆ ಮಾತಾಡುತ್ತಿದ್ದೇವೆ.

ಸಂಶೋಧನೆಯ ಬಳಕೆಗೆ ಮಾತ್ರ ಎಂಬ ಸಾಲು ಅಲಂಕಾರಕ್ಕೆ ಬರೆದದ್ದಲ್ಲ. ಮನುಷ್ಯರಿಗೆ ಚುಚ್ಚುವ ಔಷಧಿಗೆ ನಮ್ಮ ದೇಶದಲ್ಲಿ 1940ರ ಔಷಧಿ ಮತ್ತು ಪ್ರಸಾಧನ ಕಾಯಿದೆಯ ಕೆಳಗೆ ಪರವಾನಗಿ ಬೇಕು, ಹೊಸ ಔಷಧಿಯಾದರೆ 2019ರ ನಿಯಮಗಳ ಪ್ರಕಾರ ಪರೀಕ್ಷೆ ಆಗಬೇಕು. ಆ ಸಾಲನ್ನು ಬರೆದವನು ಇವೆಲ್ಲದರಿಂದ ತಪ್ಪಿಸಿಕೊಂಡಿದ್ದಾನೆ. ಹೆಚ್ಚುಕಡಿಮೆಯಾದರೆ ಹೊಣೆ ಚುಚ್ಚಿಕೊಂಡವರದು. ಅಮೆರಿಕದ ಔಷಧಿ ಆಡಳಿತವೂ 2023ರಲ್ಲಿ ಎಪಿಟಲಾನನ್ನು ಸುರಕ್ಷತೆಯ ಆತಂಕವಿರುವ ವಸ್ತುಗಳ ಸಾಲಿಗೆ ಸೇರಿಸಿತು.

ಶುದ್ಧತೆ ಶೇ. 99 ಎಂದು ಬರೆದ ಹಾಳೆ ಜೊತೆಗೆ ಬಂದಿರಬಹುದು. ಅದು ಪೆಪ್ಟೈಡಿನ ಜೊತೆ ಬೇರೆ ಪೆಪ್ಟೈಡ್ ತುಂಡುಗಳು ಎಷ್ಟಿವೆ ಎಂದು ಹೇಳುತ್ತದೆಯೇ ಹೊರತು, ಬ್ಯಾಕ್ಟೀರಿಯಾದ ಗೋಡೆಯಿಂದ ಬರುವ ಎಂಡೊಟಾಕ್ಸಿನ್ ಇದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ಚುಚ್ಚಿದ ಮೇಲೆ ಚಳಿ ಜ್ವರ ಬಂದು ಒದ್ದಾಡುವುದಕ್ಕೆ ಅದು ಅತ್ಯಲ್ಪ ಇದ್ದರೂ ಸಾಕು. ಇನ್ನು ಪುಡಿಗೆ ನೀರು ಬೆರೆಸಿದ ಮೇಲೆ 2ರಿಂದ 8 ಡಿಗ್ರಿಯ ಒಳಗೆ ಇಡಬೇಕು. ತೀರ್ಥಹಳ್ಳಿಯ ಕಡೆ ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಇನ್ಸುಲಿನ್ ಉಳಿಸಿಕೊಳ್ಳುವುದೇ ನಮಗೆ ಆಗ ಒಂದು ಯುದ್ಧ.

ಬಾಯಿಂದ ನುಂಗಿದರಾಯಿತು ಎನ್ನುವವರೂ ಬರುತ್ತಾರೆ. ಕರುಳಿನ ಗೋಡೆಯಲ್ಲಿರುವ ಸಾಗಣೆ ವ್ಯವಸ್ಥೆ ಎರಡು ಮೂರು ಮಣಿಯ ಸರಗಳನ್ನು ಇಡಿಯಾಗಿ ಒಳಕ್ಕೆ ಬಿಡುತ್ತದೆ. ನಾಲ್ಕು ಮಣಿಯದ್ದನ್ನು ಹೆಚ್ಚಾಗಿ ಕತ್ತರಿಸಿಯೇ ಬಿಡುವುದು.

ಹೊಸನಗರದ ವೈದ್ಯೆ:

ಇಷ್ಟು ಚರ್ಚೆಯಾಯಿತು, ಆದರೆ ಮೇಷ್ಟ್ರ ನಿದ್ರೆ ಏಕೆ ಕೆಟ್ಟಿದೆ ಎಂದು ಯಾರೂ ಕೇಳಲಿಲ್ಲ. ಗ್ರಂಥಿ ಮಂಕಾಗಿದೆ ಎಂದು ಅಳಿಯ ಹೇಳಿದ್ದನ್ನು ನಾವೆಲ್ಲ ಹಾಗೆಯೇ ಒಪ್ಪಿಕೊಂಡೆವು.

ಪೀನಿಯಲ್ ಗಾತ್ರದಲ್ಲಿ ಒಂದು ಭತ್ತದ ಕಾಳಿನಷ್ಟು. ಅದು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಕಣ್ಣಿನ ಅಕ್ಷಿಪಟಲ ಬೆಳಕಿನ ಸುದ್ದಿಯನ್ನು ಹೈಪೊಥಲಮಸ್‌ನಲ್ಲಿರುವ ದಿನಗಡಿಯಾರಕ್ಕೆ ಕೊಡುತ್ತದೆ. ಅಲ್ಲಿಂದ ಆಜ್ಞೆ ಬೆನ್ನುಹುರಿಗೆ ಇಳಿದು, ಕತ್ತಿನ ನರಗಂಟಿನ ಮೂಲಕ ಮತ್ತೆ ಮೇಲೇರಿ ಪೀನಿಯಲ್‌ಗೆ ತಲುಪುತ್ತದೆ. ಎರಡು ಇಂಚಿನ ದೂರಕ್ಕೆ ಇಷ್ಟು ಸುತ್ತು ಬಳಸಿ ಹೋಗುವುದನ್ನು ನೋಡಿದರೆ ನಮ್ಮ ಘಟ್ಟದ ರಸ್ತೆಯೇ ನೆನಪಾಗುತ್ತದೆ. ಕೊನೆಯಲ್ಲಿ ನರದ ತುದಿ ನಾರ್‌ಅಡ್ರಿನಲಿನ್ ಸುರಿಸುತ್ತದೆ, ಅದು ಗ್ರಂಥಿಯ ಬೀಟಾ ಗ್ರಾಹಕಗಳನ್ನು ತಟ್ಟಿದಾಗ ಮೆಲಟೋನಿನ್ ತಯಾರಾಗುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ರಾತ್ರಿಯ ಮೆಲಟೋನಿನ್ ಇಳಿಯುತ್ತದೆ. ಗ್ರಂಥಿ ಮಾತ್ರ ಚೆನ್ನಾಗಿಯೇ ಇರಬಹುದು.

ಆದ್ದರಿಂದ ಮೂರು ಪ್ರಶ್ನೆ. ರಕ್ತದೊತ್ತಡಕ್ಕೆ ಯಾವ ಮಾತ್ರೆ, ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ? ರಾತ್ರಿ ಎಷ್ಟು ಗಂಟೆಯ ತನಕ ಪ್ರಖರವಾದ ದೀಪದ ಕೆಳಗೆ ಇರುತ್ತೀರಿ? ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದ್ದುಂಟೇ?

ಮಾಲತಿ ತೀರದವನು, ತೀರ್ಥಹಳ್ಳಿ:

ಮೇಡಂ, ಅಟೆನೊಲಾಲ್ 50 ಮಿಲಿಗ್ರಾಂ. ನಾಲ್ಕು ವರ್ಷಗಳಿಂದ ರಾತ್ರಿ ಊಟವಾದ ಮೇಲೆ. ಅಡಿಕೆ ಸುಲಿಯುವ ಕಾಲದಲ್ಲಿ ಹನ್ನೊಂದರ ತನಕ ಚಪ್ಪರದಲ್ಲಿ ದೊಡ್ಡ ಎಲ್‌ಇಡಿ ದೀಪದ ಕೆಳಗೆ ಲೆಕ್ಕ ಬರೆಯುತ್ತ ಕೂರುತ್ತೇನೆ. ಉಳಿದ ಕಾಲದಲ್ಲಿ ಹಾಗಿಲ್ಲ. ಗೊರಕೆ ಇದೆ ಎಂದು ನನ್ನವಳು ಹೇಳುತ್ತಾಳೆ, ಉಸಿರು ನಿಲ್ಲುವುದನ್ನು ಅವಳು ನೋಡಿಲ್ಲವಂತೆ.

ಹೊಸನಗರದ ವೈದ್ಯೆ:

ಅಟೆನೊಲಾಲ್ ಬೀಟಾ ಗ್ರಾಹಕವನ್ನು ಮುಚ್ಚುವ ಔಷಧಿ. ಹೃದಯಕ್ಕಾಗಿ ಕೊಟ್ಟದ್ದು ಪೀನಿಯಲ್‌ನ ಬಾಗಿಲನ್ನೂ ಅರ್ಧ ಎಳೆಯುತ್ತದೆ. ಈ ಗುಂಪಿನ ಮಾತ್ರೆಗಳು ರಾತ್ರಿಯ ಮೆಲಟೋನಿನ್ ಇಳಿಸುತ್ತವೆ ಎಂಬುದು ಬಹಳ ಹಿಂದೆಯೇ ತಿಳಿದ ಸಂಗತಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದ 16 ರೋಗಿಗಳಿಗೆ ಮೂರು ವಾರ ರಾತ್ರಿ 2.5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟು, ಅದನ್ನು ಹುಸಿ ಮಾತ್ರೆಯ ಜೊತೆ ಹೋಲಿಸಿದಾಗ ನಿದ್ರೆ ಸರಾಸರಿ 36 ನಿಮಿಷ ಹೆಚ್ಚಿತು. 16 ಎಂಬುದು ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ಆ ರೋಗಿಗಳ ಸ್ಥಿತಿ ನಿಮ್ಮದಕ್ಕೆ ಇಲಿಗಿಂತಲೂ ಕೋತಿಗಿಂತಲೂ ಹತ್ತಿರ.

ಇದನ್ನು ಓದಿ ಅಟೆನೊಲಾಲನ್ನು ಇವತ್ತೇ ಬಿಡಬೇಡಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಏರಿ ಎದೆನೋವು, ಹೃದಯಾಘಾತದ ತನಕ ಹೋಗಬಹುದು. ಬೆಳಗಿನ ಹೊತ್ತಿಗೆ ಬದಲಿಸುವುದೋ, ಬೇರೆ ಗುಂಪಿನ ಮಾತ್ರೆಗೆ ಹೋಗುವುದೋ ಎಂಬುದನ್ನು ನಿಮ್ಮನ್ನು ನೋಡುವ ವೈದ್ಯರೇ ನಿರ್ಧರಿಸಬೇಕು. ಮೆಲಟೋನಿನ್ ಬಗ್ಗೆಯೂ ಅವರನ್ನೇ ಕೇಳಿ. ನಿಧಾನವಾಗಿ ಬಿಡುಗಡೆಯಾಗುವ 2 ಮಿಲಿಗ್ರಾಂ ಮಾತ್ರೆಗೆ ಯುರೋಪಿನಲ್ಲಿ 55 ದಾಟಿದವರಿಗೆಂದು 2007ರಲ್ಲೇ ಒಪ್ಪಿಗೆ ಸಿಕ್ಕಿದೆ. ದೊಡ್ಡ ನಿರೀಕ್ಷೆ ಬೇಡ. 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ ನಿದ್ರೆ ಹತ್ತುವುದು ಸರಾಸರಿ 7 ನಿಮಿಷ ಬೇಗನಾಯಿತು, ಅಷ್ಟೆ. ಗ್ರಂಥಿಯ ಸ್ವಂತ ಹಾರ್ಮೋನಿನ ಕಥೆಯೇ ಹೀಗಿರುವಾಗ, ಆ ಗ್ರಂಥಿಯನ್ನು ಎಬ್ಬಿಸುತ್ತೇನೆ ಎನ್ನುವ ವಸ್ತುವಿನಿಂದ ಎಷ್ಟನ್ನು ನಿರೀಕ್ಷಿಸಬಹುದು?

ಸಾಗರದ ತೋಟಿಗರಿಗೆ ಒಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟದ್ದು ನಮಗೆಲ್ಲ ಗೊತ್ತು. ಅದರ ಲಸಿಕೆಯನ್ನು ನಾವು ವರ್ಷಗಟ್ಟಲೆ ನಂಬಿ ಚುಚ್ಚಿದ್ದೇವೆ, ಚುಚ್ಚಿಸಿಕೊಂಡಿದ್ದೇವೆ. 2005ರಿಂದ 2010ರ ತನಕದ ಪ್ರಕರಣಗಳನ್ನು ಕೂತು ಎಣಿಸಿದಾಗ, ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83, ಒಂದೇ ಡೋಸ್ ಪಡೆದವರಿಗೆ ರಕ್ಷಣೆ ಕಾಣಲಿಲ್ಲ ಎಂದು ತಿಳಿಯಿತು. ಅದು ನಮ್ಮದೇ ಲಸಿಕೆ, ನಮ್ಮದೇ ಜನ. ಆದರೂ ಎಣಿಸಿದರು. ರಷ್ಯಾದ ಪೆಪ್ಟೈಡ್ ಬಗ್ಗೆ ಭದ್ರಾವತಿಯವರು ಕೇಳುತ್ತಿರುವುದು ಅದೇ ಎಣಿಕೆಯನ್ನು.

ಸಾಗರದ ತೋಟಿಗ:

ಲಸಿಕೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಮೇಡಂ. ನಮ್ಮ ಮನೆಯಲ್ಲೇ ಒಂದು ಡೋಸ್ ಹಾಕಿಸಿಕೊಂಡು, ತೋಟದ ಕೆಲಸದ ಗಡಿಬಿಡಿಯಲ್ಲಿ ಎರಡನೆಯದಕ್ಕೆ ಹೋಗದವರು ಇದ್ದರು. ಆದರೂ ಒಂದೇ ಬಳಗದವರದು ಎಂಬ ಕಾರಣಕ್ಕೆ ಅವರ ನಲವತ್ತು ವರ್ಷದ ಕೆಲಸವನ್ನು ತಳ್ಳಿಹಾಕಬಾರದು ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ. ಯಾರಾದರೂ ಸರಿಯಾಗಿ ಮನುಷ್ಯರ ಮೇಲೆ ಪರೀಕ್ಷೆ ಮಾಡಿದರೆ ಮೊದಲು ಓದುವವನು ನಾನೇ.

ಜೀವರಸಾಯನದವನು, ಭದ್ರಾವತಿ:

ಎರಡನೆಯವನು ನಾನು. ನಮ್ಮ ದೇಶದಲ್ಲಿ ನಡೆಯುವ ಔಷಧಿ ಪರೀಕ್ಷೆಗಳನ್ನು 2009ರ ಜೂನ್‌ನಿಂದ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ಕಡ್ಡಾಯವಾಗಿ ದಾಖಲಿಸಬೇಕು, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಯಾರಾದರೂ ಎಪಿಟಲಾನ್ ಪರೀಕ್ಷೆ ನಡೆಯುತ್ತಿದೆ ಎಂದು ಹೇಳಿದರೆ ನೋಂದಣಿ ಸಂಖ್ಯೆ ಕೇಳಿ.

ಮಾಲತಿ ತೀರದವನು, ತೀರ್ಥಹಳ್ಳಿ:

ಎಲ್ಲರಿಗೂ ಋಣಿ. ಅಳಿಯನಿಗೆ ಫೋನು ಮಾಡಿ ಅಂಗಡಿಯವರು ಹೇಳಿದ ಹಾಳೆಯನ್ನು ತರಿಸಿಕೊಂಡೆ. ಶುದ್ಧತೆ ಶೇ. 99.1 ಎಂದಿದೆ. ಎಂಡೊಟಾಕ್ಸಿನ್ ಎಂಬ ಸಾಲೂ ಇದೆ, ಅದರ ಮುಂದಿನ ಚೌಕ ಖಾಲಿ. ಶೀಸೆಯ ಮೇಲಿನ ಬ್ಯಾಚ್ ಸಂಖ್ಯೆಯೂ ಹಾಳೆಯ ಮೇಲಿನದೂ ಬೇರೆ ಬೇರೆ. ದಾಖಲೆಗಳನ್ನು ಹೋಲಿಸುವ ಕೆಲಸವನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು, ಇದನ್ನು ಮೊದಲ ದಿನವೇ ನೋಡಬೇಕಿತ್ತು. ಅವನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಆಗಲೇ ಆರು ದಿನ ಚುಚ್ಚಿಕೊಂಡಿದ್ದೇನೆ ಎಂದ. ಜ್ವರ, ಚುಚ್ಚಿದ ಜಾಗದಲ್ಲಿ ಬಾವು ಏನೂ ಇಲ್ಲವಂತೆ, ನಿಲ್ಲಿಸುತ್ತೇನೆ ಎಂದಿದ್ದಾನೆ.

ಸೋಮವಾರ ನನ್ನ ವೈದ್ಯರ ಹತ್ತಿರ ಅಟೆನೊಲಾಲ್ ಚೀಟಿ ಹಿಡಿದುಕೊಂಡು ಹೋಗುತ್ತೇನೆ. ಶೀಸೆಗಳು ಫ್ರಿಜ್ಜಿನಲ್ಲಿ ಅಪ್ಪೆಮಿಡಿ ಭರಣಿಯ ಪಕ್ಕದಲ್ಲಿವೆ, ಮನೆಯವಳಿಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಇಂಥದ್ದನ್ನು ಹೇಗೆ ವಿಲೇವಾರಿ ಮಾಡಬೇಕು ಎಂದು ಅಂಗಡಿಯವರು ತಿಳಿಸಬೇಕು.

ಔಷಧಿ ಅಂಗಡಿಯವನು, ಶಿವಮೊಗ್ಗ:

ಹೊಳೆಗೆ, ಗೊಬ್ಬರದ ಗುಂಡಿಗೆ ಹಾಕಬೇಡಿ. ಶೀಸೆ ತೆರೆಯದೆ, ಸೂಜಿಗಳಿದ್ದರೆ ಗಟ್ಟಿಯಾದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು, ಸೋಮವಾರ ಹೋಗುವಾಗ ಜೊತೆಗೇ ಒಯ್ಯಿರಿ. ಆಸ್ಪತ್ರೆಗಳಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ಬೇರೆ ವ್ಯವಸ್ಥೆ ಇರುತ್ತದೆ, ಅವರನ್ನು ಕೇಳಿ ಒಪ್ಪಿಸಿ. ಅಳಿಯನ ಹತ್ತಿರ ಉಳಿದಿರುವ ಶೀಸೆಗಳನ್ನೂ ಹಾಗೆಯೇ ಮಾಡಲು ಹೇಳಿ.